ಒಂಬತ್ತರೊಳಗೆ

ಭಾನುವಾರ ನನ್ನದು. ಕರಾರಿನಲ್ಲಿ ಹಾಗೇ ಬರೆದಿದೆ.
ಆದರೂ ಅಕ್ಕಿ ತೊಳೆದಿಟ್ಟು,
ಅಜ್ಜಿಯ ಮಾತ್ರೆಗಳನ್ನು ಮೂರು ಬಟ್ಟಲಿಗೆ ಹಂಚಿ
ಕಸದ ಚೀಲ ಹಿಡಿದೇ ಬಾಗಿಲು ದಾಟಬೇಕು.
ಇಪ್ಪತ್ತೇಳನೇ ಮಹಡಿ. ಲಿಫ್ಟಿನ ಕನ್ನಡಿಯಲ್ಲಿ
ಹಳದಿ ತಲೆವಸ್ತ್ರದ ಹೆಂಗಸೊಬ್ಬಳು:
ಯಾರಿವಳು, ಮದುವೆಗೆ ಹೊರಟವಳ ಹಾಗೆ?

ಗೆಳತಿಯರೆಲ್ಲ ಈ ಹೊತ್ತಿಗೆ ವಿಕ್ಟೋರಿಯಾ ಪಾರ್ಕಿನಲ್ಲಿ
ರಟ್ಟು ಹಾಸಿ ಕೂತಿರುತ್ತಾರೆ.
ಚಪ್ಪಲಿಗಳ ಸಾಲು ಹೊರಗೆ, ಸಾಲದ ಮಾತು ಒಳಗೆ.
‘ಬಾರೆ ವಾರ್ತಿನಿ, ತೆಂಪೆ ಹುರಿದು ತಂದಿದ್ದೀನಿ’
ಅನ್ನುತ್ತಾಳೆ ಸುಮಿಯಾತಿ ಫೋನಿನಲ್ಲಿ.
ಬರಲ್ಲ ಕಣೆ.
ವಾರವಿಡೀ ಅಜ್ಜಿಯ ಮಂಚದ ಕೆಳಗೆ ಮಲಗಿದವಳಿಗೆ
ಚಾಚಿದ ಕೈ ಯಾರಿಗೂ ತಾಗದ ಜಾಗ ಬೇಕು.

ರೈಲು. ತೈ ಪೋದಲ್ಲಿ ಇಳಿದು ಬಸ್ಸು, ಮೇಲಿನ ಅಂತಸ್ತು, ಮುಂದಿನ ಸೀಟು.
ಕಟ್ಟಡಗಳು ಮೊದಲು ಗಿಡ್ಡವಾಗುತ್ತವೆ,
ಆಮೇಲೆ ವಿರಳ,
ಆಮೇಲೆ ಯಾರದೋ ಗೋಡೆಯಾಚೆ ಒಂದು ಬಾಳೆಗಿಡ!
ಊರಿನವರು ಕಂಡಂತೆ
ಎದ್ದು ನಿಂತೇಬಿಟ್ಟಿದ್ದೆ ಮೊದಲ ಸಲ.

ಕೊನೆಯ ಸ್ಟಾಪಿನಲ್ಲಿ ಜೇನು ಸವರಿದ ಕೋಳಿ ಸುಡುವ ಹೊಗೆ,
ಬಾಡಿಗೆ ಸೈಕಲ್ಲುಗಳ ಗಂಟೆ, ಮಕ್ಕಳ ಗಾಳಿಪಟ.
ಅದನ್ನೆಲ್ಲ ದಾಟಿದರೆ ಕಟ್ಟೆ:
ಎಡಕ್ಕೆ ಸಿಹಿನೀರು, ಬಲಕ್ಕೆ ಉಪ್ಪು,
ನಡುವೆ ನೇರ ಬೈತಲೆಯಂಥ ದಾರಿಯಲ್ಲಿ ನಾನು.
ಹಿಂದೆ ಎಂಟು ಸಿದ್ಧರ ಬೆಟ್ಟ. ಎಂಟೂ ಜನ
ಯಾವ ಕೆಲಸವನ್ನೂ ಹೇಳದೆ ಸುಮ್ಮನೆ ಕೂತಿದ್ದಾರೆ.
ಷೂ ಬಿಚ್ಚಿದೆ. ಬಿಸಿ ಕಲ್ಲಿನ ಮೇಲೆ ಬುತ್ತಿ ಬಿಚ್ಚಿದೆ.
ಸೋಪಿಗೆ ಬಿರಿದ ಬೆರಳುಗಳನ್ನೂ ಬಿಸಿಲಿಗೆ ಬಿಚ್ಚಿಟ್ಟೆ,
ಒಣಗಲಿ ಎಂದು.

ಆ ರಾತ್ರಿ ಅಜ್ಜಿಯ ಕಾಲು ತಿಕ್ಕುತ್ತ
ಫೋನಿನಲ್ಲಿ ತೆಗೆದದ್ದು ತೋರಿಸಿದೆ.
ಸುಮ್ಮನೆ, ನಿದ್ದೆ ಬರಲಿ ಅಂತ.
ಅಜ್ಜಿಗೆ ಬೈಯಲು ಹಕ್ಕಾ, ಕೆಲಸ ಹೇಳಲು ಕ್ಯಾಂಟನೀಸು;
ಮೊಮ್ಮಗಳ ಹೆಸರು ಎರಡರಲ್ಲೂ ಇಲ್ಲ.
ಅವಳು ಆ ಬೆಟ್ಟದ ಅಂಚನ್ನು ಉಗುರಿನಿಂದ ಗೀರಿ,
ಗೀರಿ, ಕೆಳಗಿಳಿದು, ನೀರಿನ ಮಧ್ಯೆ ನಿಂತಳು.
ಇಲ್ಲಿ ಒಲೆ, ಅಂದಳು.
ಇಲ್ಲಿ ಬಾವಿ. ಇದು ನನ್ನ ಅತ್ತೆಯ ಸುಳ್ಳು ಹೇಳುವ ಹಲಸಿನ ಮರ.
ಯಜಮಾನಿ ಟೀವಿಯಿಂದ ಕಣ್ಣು ತೆಗೆಯದೆ ಅಂದರು:
ಹೌದಂತೆ, ಅಣೆಕಟ್ಟಿಗೆ ಊರು ಬಿಡಿಸಿದರಂತೆ,
ನಾವು ಹುಟ್ಟೋ ಮೊದಲು.
ಮರ ಹೇಗೆ ಸುಳ್ಳು ಹೇಳುತ್ತೆ? ನಾನು ಕೇಳಲಿಲ್ಲ.

ನಾನು ಬುತ್ತಿ ಬಿಚ್ಚಿದ್ದು ಯಾರ ಮಾಡಿನ ಮೇಲೆ?

ಮುಂದಿನ ಭಾನುವಾರ ಕಸದ ಚೀಲ ಎತ್ತುವಾಗ
ಅಜ್ಜಿ ನನ್ನ ತೋಳು ಹಿಡಿದಳು:
ಹೋಗ್ತಿದ್ದೀಯಲ್ಲ, ಹಂದಿಗೆ ಕಲಗಚ್ಚು ಹಾಕಿ ಬಾ.
ನನ್ನ ಒಂದು ದಿನ, ಅದಕ್ಕೂ ಕೆಲಸ!
ಅದೂ ಹಂದಿ, ಅದೂ ನನಗೆ!
ಲಿಫ್ಟಿನ ತುಂಬ ಒಬ್ಬಳೇ ನಕ್ಕೆ.

ಕಟ್ಟೆಯ ಮೇಲೆ ಆ ದಿನ ಗಾಳಿ ಜೋರಿತ್ತು.
ಪ್ರಾಣಿಗಳಿಗೆ ಆಹಾರ ಹಾಕಬಾರದೆಂಬ ಬೋರ್ಡಿನ ಹಿಂದೆ
ನೀರು, ಬರೇ ನೀರು,
ಕೊಕ್ಕರೆಯೊಂದು ಅದರ ಮೇಲೆ ಹೊಲಿಗೆ ಹಾಕುತ್ತ ಹೋಯಿತು.
ಎರಡು ಹಿಡಿ ಅನ್ನ ಉಳಿಸಿದ್ದೆ. ಎಸೆದೆನೋ, ತಿಂದೆನೋ,
ಅದು ನನ್ನ ಮತ್ತು ದೇವರ ನಡುವೆ ಇರಲಿ.

ಎಂಟೂ ಐವತ್ತೆರಡು. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದೆ.
ಕತ್ತಲಲ್ಲಿ ಎದ್ದು ಕೂತಿದ್ದಳು.
ಹಾಕಿದೆಯಾ?
ಹಾಕಿದೆ ಅಜ್ಜಿ.
ಎಷ್ಟು ಇದ್ದವು?
ಮೂರು, ಅಂದೆ, ಬಾಯಿಗೆ ಬಂದದ್ದು.

ಎರಡೇ ಇದ್ದದ್ದು, ಅಂದಳು
ಮಗ್ಗುಲಾಗುತ್ತ,
ನೀನು ಪಕ್ಕದ ಮನೆಗೆ ಹೋಗಿದ್ದೀಯ.